ನನ್ನೊಬ್ಬನಿಗೇ ಬರುತ್ತಿದ್ದ ಎರರ್

ದೊಡ್ಡನೆಕ್ಕುಂದಿಯ ನಮ್ಮ ಆಫೀಸಿನಲ್ಲಿ ಹದಿನಾಲ್ಕು ಜನ ಇದ್ದೆವು. ಎಲ್ಲರದ್ದೂ ಒಂದೇ ಥರದ ಲ್ಯಾಪ್‌ಟಾಪು, ಒಂದೇ ಕೋಡು. ಆದರೂ ಆ ಎರರ್ ಬರುತ್ತಿದ್ದದ್ದು ನನ್ನೊಬ್ಬನಿಗೆ. ನಾನು ಬರೆದ ಫಂಕ್ಷನ್, ಅಂದರೆ ಕೋಡಿನ ಒಂದು ತುಣುಕು, ಕಣ್ಣೆದುರೇ ಇರುತ್ತಿತ್ತು. ಅಂಥ ಫಂಕ್ಷನ್ನೇ ಇಲ್ಲ ಎಂದು, ಕೋಡನ್ನು ಓದಿ ಕಂಪ್ಯೂಟರಿಗೆ ಅರ್ಥವಾಗುವಂತೆ ಮಾಡುವ ಕಂಪೈಲರ್ ಹೇಳುತ್ತಿತ್ತು. ಎಲ್ಲವನ್ನೂ ನಿಲ್ಲಿಸಿ ಮೊದಲಿನಿಂದ ಕಂಪೈಲ್ ಮಾಡಿದರೆ ಮಾಯ. ಅರ್ಧ ಗಂಟೆಗೋ ಅರ್ಧ ದಿನಕ್ಕೋ ಮತ್ತೆ ಹಾಜರು.

ನಾವು ಮಾಡುತ್ತಿದ್ದ ವೆಬ್‌ಸೈಟಿನ ಕೋಡನ್ನೆಲ್ಲ ಮೊದಲಿನಿಂದ ಕಂಪೈಲ್ ಮಾಡಲು ನಾಲ್ಕು ನಿಮಿಷ ಹಿಡಿಯುತ್ತಿತ್ತು. ಒಂದೊಂದು ಸಣ್ಣ ಬದಲಾವಣೆಗೂ ಅಷ್ಟು ಹೊತ್ತು ಯಾರು ಕಾಯುತ್ತಾರೆ? ಅದಕ್ಕೇ ಸೇವ್ ಒತ್ತಿದ ಕೂಡಲೇ ಕಂಪೈಲರ್ ಬದಲಾದ ಫೈಲನ್ನು ಮಾತ್ರ ಮತ್ತೆ ಓದುತ್ತದೆ, ಉಳಿದದ್ದನ್ನು ನೆನಪಿನಿಂದ ತೆಗೆದುಕೊಳ್ಳುತ್ತದೆ. ಇಡೀ ಮನೆ ಗುಡಿಸದೆ ಕಸ ಬಿದ್ದ ಕೋಣೆಯನ್ನಷ್ಟೇ ಗುಡಿಸಿದ ಹಾಗೆ. ನನ್ನ ಪಾಲಿಗೆ ಆ ನೆನಪೇ ಕೈಕೊಡುತ್ತಿತ್ತು.

ಯಾರನ್ನಾದರೂ ಕರೆದು ತೋರಿಸೋಣವೆಂದರೆ ಎರರ್ ಬರುತ್ತಲೇ ಇರಲಿಲ್ಲ. ಪಕ್ಕದ ಟೇಬಲಿನ ಗೆಳೆಯ ಐದು ನಿಮಿಷ ನಿಂತು ನೋಡಿ, "ನಿನ್ ಮಿಷಿನ್‌ಗೆ ದೃಷ್ಟಿ ತಾಗಿದೆ ಮಗಾ, ನಿಂಬೆಹಣ್ಣು ಕಟ್ಟು" ಎಂದು ಹೋದ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಎರಡು ದಿನ ಅವನ ಜೊತೆ ಮಾತು ಬಿಟ್ಟೆ.

ಮೂರನೆಯ ವಾರ ಟೀಮ್ ಲೀಡ್ ಕರೆಸಿದರು. "ಎಲ್ರಿಗೂ ಸರಿಯಾಗಿ ಓಡುತ್ತೆ, ನಿಮ್ಗೊಬ್ರಿಗೆ ಓಡಲ್ಲ. ಶುಕ್ರವಾರದೊಳ್ಗೆ ಸರಿ ಮಾಡ್ಕೊಳ್ಳಿ. ಇಲ್ದಿದ್ರೆ ಆ ಪೇಜು ಬೇರೆಯವ್ರಿಗೆ ಕೊಡ್ಬೇಕಾಗುತ್ತೆ."

ಆಸ್ಪತ್ರೆಯೊಂದಕ್ಕೆ ಮಾಡುತ್ತಿದ್ದ ಟೋಕನ್ ಬುಕಿಂಗ್ ಪೇಜು ಅದು. ಮೊದಲ ಸಾಲಿನಿಂದ ನಾನೇ ಬರೆದದ್ದು, ನನ್ನದು ಎಂದು ಹೇಳಿಕೊಳ್ಳಬಹುದಾದ ಮೊದಲ ಕೆಲಸ. ನಾನು ಸೋಮಾರಿತನ ಮುಚ್ಚಿಕೊಳ್ಳಲು ಕಥೆ ಕಟ್ಟುತ್ತಿದ್ದೇನೆ ಎಂದು ಅವರಿಗೆ ಅನಿಸಿದ್ದು ದನಿಯಲ್ಲೇ ಗೊತ್ತಾಯಿತು.

ಗುರುವಾರ ಬೆಳಿಗ್ಗೆ, ಟೆಸ್ಟಿಂಗ್ ನೋಡಿಕೊಳ್ಳುತ್ತಿದ್ದ ಮೇಡಂ ಲ್ಯಾಪ್‌ಟಾಪ್ ಹಿಡಿದು ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಬಂದು ಕೂತರು. ಐವತ್ತರ ಹತ್ತಿರದ ವಯಸ್ಸು, ದಿನವೂ ಶಿವಾಜಿನಗರದಿಂದ ಬಸ್ಸಿನಲ್ಲಿ ಬರುತ್ತಿದ್ದರು. ತಮ್ಮ ಅಮ್ಮನ ಜೊತೆ ಫೋನಿನಲ್ಲಿ ದಖನಿ ಉರ್ದು ಮಾತಾಡುವುದು ಬಿಟ್ಟರೆ ಅವರ ದನಿ ಕೇಳುವುದೇ ಅಪರೂಪ.

"ಎರರ್ ತೋರ್ಸ್ಬೇಡಿ" ಎಂದರು. "ನಿಮ್ ಪಾಡಿಗೆ ಕೆಲ್ಸ ಮಾಡಿ. ನಾನೂ ನನ್ ಕೆಲ್ಸ ಮಾಡ್ಕೊಂಡಿರ್ತೀನಿ."

ಮೊದಲ ಒಂದು ಗಂಟೆ ಮುಳ್ಳಿನ ಮೇಲೆ ಕೂತ ಹಾಗಿತ್ತು. ಆಮೇಲೆ ಕೆಲಸದಲ್ಲಿ ಮುಳುಗಿ ಅವರನ್ನು ಮರೆತೇಬಿಟ್ಟೆ. ಊಟದ ಹೊತ್ತಿಗೆ ಎರರ್ ಎರಡು ಸಲ ಬಂತು. ಎರಡನೆಯ ಸಲ ಬೈದುಕೊಂಡು ತಿರುಗಿದರೆ ಅವರು ಸ್ಕ್ರೀನ್ ನೋಡುತ್ತಲೇ ಇರಲಿಲ್ಲ, ನನ್ನ ಎಡಗೈ ನೋಡುತ್ತಿದ್ದರು. ಅವರ ಮುಂದಿದ್ದ ಹಾಳೆಯ ತುಂಬ ಪೆನ್ಸಿಲ್ ಗೀಟುಗಳು, ಹೆಚ್ಚಿನವು ಮೂರು ಮೂರರ ಗುಂಪಿನಲ್ಲಿ.

"ಸೇವ್ ಯಾಕೆ ಮೂರ್ಮೂರ್ ಸಲ ಒತ್ತೀರಿ?"

ಒತ್ತುತ್ತೇನೆಂದು ನನಗೇ ಗೊತ್ತಿರಲಿಲ್ಲ. ಕೆ.ಆರ್. ಪುರದ ನಮ್ಮ ಮನೆಯಲ್ಲಿ, ಹಳೆಯ ಡೆಸ್ಕ್‌ಟಾಪಿನ ಮುಂದೆ ಕೂತು ನಾನು ಕೋಡಿಂಗ್ ಕಲಿತ ವರ್ಷಗಳಲ್ಲಿ ಕರೆಂಟು ಹೇಳದೆ ಕೇಳದೆ ಹೋಗುತ್ತಿತ್ತು. ಬರೆದದ್ದನ್ನು ಕಳೆದುಕೊಂಡು ಅತ್ತದ್ದೂ ಉಂಟು. ಒಂದು ಸಲ ಒತ್ತಿದರೆ ಸಮಾಧಾನವಾಗುತ್ತಿರಲಿಲ್ಲ. ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ ಎಂಬುದು ನನ್ನ ಬೆರಳಿಗೆ ಇನ್ನೂ ತಿಳಿದಿರಲಿಲ್ಲ. ಯಾರಾದರೂ ಪಕ್ಕ ಬಂದು ನಿಂತರೆ ಮಾತ್ರ ಸಂಕೋಚಕ್ಕೆ ಒಂದೇ ಸಲ ಒತ್ತುತ್ತಿದ್ದೆ ಎಂಬುದೂ ಆಗಲೇ ಹೊಳೆದದ್ದು.

ಮೇಡಂ ನಿಧಾನವಾಗಿ ಬಿಡಿಸಿ ಹೇಳಿದರು. ಸೇವ್ ಒತ್ತಿದಾಗ ಫೈಲು ಒಂದು ಕ್ಷಣ ಖಾಲಿಯಾಗಿ ಮತ್ತೆ ತುಂಬುತ್ತದೆ. ಮೊದಲ ಒತ್ತಿಗೆ ಕಂಪೈಲರ್ ಓದಲು ಬರುವುದಕ್ಕೂ ಎರಡನೆಯ ಒತ್ತು ಫೈಲನ್ನು ಖಾಲಿ ಮಾಡುವುದಕ್ಕೂ ಸರಿಹೋದರೆ, ಅದಕ್ಕೆ ಕಾಣುವುದು ಬರಿದಾದ ಫೈಲು. ಅದನ್ನೇ ನೆನಪಿಟ್ಟುಕೊಳ್ಳುತ್ತದೆ. ಬೆನ್ನಿಗೇ ಬಂದ ಮೂರನೆಯ ಒತ್ತನ್ನು ಎರಡನೆಯದರ ಜೊತೆ ಸೇರಿಸಿ, ಆಗಲೇ ಓದಿಯಾಯಿತು ಎಂದುಕೊಂಡು, ತುಂಬಿದ ಫೈಲನ್ನು ಮತ್ತೆ ಓದದೆ ಬಿಟ್ಟುಬಿಡುತ್ತದೆ.

"ಅದು ಸುಳ್ ಹೇಳ್ತಿರ್ಲಿಲ್ಲ" ಎಂದರು. "ಅದು ನೋಡ್ದಾಗ ನಿಮ್ ಫಂಕ್ಷನ್ ನಿಜ್ವಾಗ್ಲೂ ಇರ್ಲಿಲ್ಲ."

ಆಮೇಲೆ ತಮ್ಮ ಲ್ಯಾಪ್‌ಟಾಪಿನಲ್ಲಿ ಅದೇ ಫೈಲು ತೆರೆದು, ನನ್ನದೇ ವೇಗದಲ್ಲಿ ಮೂರು ಮೂರು ಸಲ ಒತ್ತುತ್ತಾ ಹೋದರು. ಹನ್ನೊಂದನೆಯ ಬಾರಿಗೆ ಆ ಎರರ್ ಅವರ ಸ್ಕ್ರೀನಿನ ಮೇಲೆ ಬಂತು. ನನ್ನ ತೋಳಿನ ರೋಮ ಎದ್ದು ನಿಂತಿತು. ಮೂರು ವಾರ ತಿಕ್ಕಲು ಎಂದು ಬೈದ ಆ ಯಂತ್ರ, ನಾನು ಗಮನಿಸದ ನನ್ನ ಒಂದೊಂದು ಒತ್ತನ್ನೂ ಗಮನಿಸಿತ್ತು. ರೆಪ್ಪೆ ಬಡಿಯುವುದಕ್ಕಿಂತ ಚಿಕ್ಕದಾದ ಆ ಸಂದನ್ನು ಈ ಹೆಂಗಸು ಒಂದು ಪೆನ್ಸಿಲ್ ಹಿಡಿದು ಕೂತು ಕಂಡುಹಿಡಿದಿದ್ದರು. ಊಟಕ್ಕೆ ಏಳಬೇಕೆನ್ನುವುದೂ ನೆನಪಾಗಲಿಲ್ಲ.

ಕೊನೆಯ ಒತ್ತಿನ ನಂತರ ತುಸು ಕಾದು ಓದು ಎಂದು ಕಂಪೈಲರಿಗೆ ಹೇಳುವ ಒಂದು ಸಾಲನ್ನು ಸೆಟ್ಟಿಂಗಿನಲ್ಲಿ ಸೇರಿಸಿದೆವು. ಶುಕ್ರವಾರ ಲೀಡ್ ಅರ್ಧ ದಿನ ಓಡಿಸಿ ನೋಡಿ, "ಪೇಜು ನಿಮ್ಮತ್ರಾನೇ ಇರ್ಲಿ" ಎಂದರು.

ಸಂಜೆ ಬ್ಯಾಗು ಹೆಗಲಿಗೇರಿಸುತ್ತಿದ್ದ ಮೇಡಂ ಹತ್ತಿರ ಹೋಗಿ, ಕೈ ನೋಡಬೇಕೆಂದು ಹೇಗೆ ಹೊಳೆಯಿತು ಎಂದು ಕೇಳಿದೆ.

"ನೀವ್ ಹೇಳ್ತಿರೋದು ನಿಜ ಅಂದ್ಕೊಂಡೆ" ಎಂದರು. "ನಿಜ ಆದ್ರೆ, ಬೇರೆಯವ್ರು ಮಾಡ್ದೆ ಇರೋದನ್ನ ನೀವೇನೋ ಮಾಡ್ತಿರ್ಬೇಕಲ್ಲ. ಅದನ್ನ ನೋಡೋಕೆ ಕೂತೆ."

ಅವರು ಬಸ್ಸಿಗೆ ಹೊರಟರು. ನಾನು ಅಲ್ಲೇ ನಿಂತಿದ್ದೆ. ಆ ಮೂರು ವಾರದಲ್ಲಿ ನನ್ನ ಮಾತು ನಿಜ ಅಂದುಕೊಂಡವರು ಅವರೊಬ್ಬರೇ. ಕೊನೆಕೊನೆಗೆ ನಾನೂ ಅಂದುಕೊಂಡಿರಲಿಲ್ಲ.