ಸೋಮವಾರ ಹತ್ತು ಗಂಟೆಯ ಪುಟಗಳು

ರಾಮದುರ್ಗದಲ್ಲಿ ನಮ್ಮಣ್ಣನಿಗೆ ಸುಟ್ಟ ಮೋಟಾರಿಗೆ ತಂತಿ ಸುತ್ತುವ ಅಂಗಡಿ. ಅದರ ಜೊತೆಗೆ ಅವನು ಒಂದು ಪೆಟ್ಟಿಗೆ ಮಾಡಿದ್ದಾನೆ. ಹೊಲದಲ್ಲಿ ಹೂತಿಟ್ಟರೆ ಮಣ್ಣಿನ ಹಸಿ ಎಷ್ಟಿದೆ ಎಂದು ಮೊಬೈಲಿಗೆ ತಿಳಿಸುತ್ತದೆ. ಪೆಟ್ಟಿಗೆ ಮಾಡಿದ್ದು ಅಣ್ಣ. ಅದನ್ನು ಹೇಗೆ ಹೂಳಬೇಕು, ಕೆಟ್ಟರೆ ಏನು ನೋಡಬೇಕು ಎಂದು ಫೋನು ಮಾಡಿದ ರೈತರಿಗೆಲ್ಲ ಹೇಳಿ ಹೇಳಿ, ಕೊನೆಗೆ ಒಂದು ನೋಟ್‌ಬುಕ್ಕಿನ ತುಂಬ ಬರೆದಿಟ್ಟವರು ಅವನ ಹೆಂಡತಿ, ನಮ್ಮ ವೈನಿ. ಆ ಬರಹವನ್ನು ಇಂಟರ್‌ನೆಟ್ಟಿಗೆ ಏರಿಸುವ ಕೆಲಸ ನನ್ನ ಪಾಲಿಗೆ ಬಂತು. ಮನೆಯಲ್ಲಿ ಕಂಪ್ಯೂಟರು ಇದ್ದದ್ದು ನನ್ನ ಹತ್ತಿರ, ಅದಷ್ಟೇ ನನ್ನ ಯೋಗ್ಯತೆ.

ಸೋಮವಾರ ಸುರೇಬಾನದಿಂದ ಮಹಿಳಾ ಸಂಘದವರು ಪೆಟ್ಟಿಗೆ ನೋಡಲು ಬರುವವರಿದ್ದರು. "ನೀ ಬರದದ್ದ ಯಾರ್ ಓದತಾರ?" ಎಂದು ಅಣ್ಣ ಯಾವಾಗಲೋ ಅಂದಿದ್ದ ಮಾತು ವೈನಿಯ ಎದೆಯಲ್ಲಿ ಕೂತುಬಿಟ್ಟಿತ್ತು. ಬಂದವರ ಮೊಬೈಲುಗಳಲ್ಲಿ ತನ್ನ ಬರಹ ತೆರೆದುಕೊಳ್ಳುವುದನ್ನು ಅವನ ಕಣ್ಣೆದುರೇ ತೋರಿಸಬೇಕು ಎಂದು ಹಟ ಹಿಡಿದಿದ್ದರು. ಭಾನುವಾರ ಅಮಾವಾಸ್ಯೆ. ಅದು ಕಳೆದು ಸೋಮವಾರ ಬೆಳಿಗ್ಗೆ ಹತ್ತಕ್ಕೆ ವೇಳೆ ಚೆನ್ನಾಗಿದೆ ಎಂದು ಪಂಚಾಂಗ ನೋಡಿ ಗೊತ್ತು ಮಾಡಿದ್ದರು.

ನಾನು ಹಿಡಿದ ದಾರಿ ಬಹಳ ಸರಳವೆಂದು ತಿಳಿದವರು ಹೇಳುತ್ತಾರೆ. ಪ್ರತಿ ಪುಟವನ್ನೂ ಸಾದಾ ಅಕ್ಷರದಲ್ಲಿ ಬರೆದು, ತಲೆಯ ಮೇಲೆ ಶೀರ್ಷಿಕೆ, ತಾರೀಖು, ವೇಳೆ ಹಾಕಿಡಬೇಕು. ಒಂದು ಪ್ರೋಗ್ರಾಮು ಅವನ್ನೆಲ್ಲ ಸೇರಿಸಿ ಜಾಲತಾಣ ಕಟ್ಟಿಕೊಡುತ್ತದೆ. ಅದಕ್ಕೆ ಯಾರೋ ಮೊದಲೇ ಹೊಲಿದಿಟ್ಟ ಅಂಗಿಯಂಥ ಒಂದು ಥೀಮು ತೊಡಿಸಿದರಾಯಿತು. ತಾರೀಖು ಯಾವುದು ಹಾಕಲಿ ಎಂದು ಕೇಳಿದೆ. "ಸೋಮಾರದ್ದ ಹಾಕಪಾ, ಹತ್ತ ಗಂಟೇದ್ದು. ಅವತ್ತಲ್ಲೇನ್ ಸುರು ಆಗೂದು?" ಅಂದರು ವೈನಿ. ಎಲ್ಲ ಪುಟಕ್ಕೂ ಹಾಗೆಯೇ ಹಾಕಿದೆ.

ತಾಣ ಕಟ್ಟಿಸಿದರೆ ಮೇಲೆ ಹೆಸರಿತ್ತು, ಪಕ್ಕದಲ್ಲಿ ಬಣ್ಣದ ಪಟ್ಟಿಯಿತ್ತು, ನಡುವೆ ಏನೂ ಇರಲಿಲ್ಲ. ಥೀಮಿನ ಜೊತೆ ಬಂದಿದ್ದ ಇಂಗ್ಲಿಷಿನ ಮಾದರಿ ಪುಟಗಳು ಮಾತ್ರ ಚೆಂದವಾಗಿ ಕಾಣುತ್ತಿದ್ದವು. ತಪ್ಪೇನಾದರೂ ಆಗಿದೆಯೇ ಎಂದು ನೋಡಿದರೆ ಒಂದೂ ತಪ್ಪಿಲ್ಲ ಎಂದು ಬರೆದು ತೋರಿಸುತ್ತಿತ್ತು. ತಪ್ಪೂ ಇಲ್ಲ, ಪುಟವೂ ಇಲ್ಲ.

"ಕನ್ನಡ ಬರೂದಿಲ್ಲೇನ್ ಅದಕ್ಕ?" ಎಂದು ವೈನಿ ಕೇಳಿದರು.

"ಬರತೈತ್ರಿ. ಹೆಸರ ಕನ್ನಡದಾಗ ಬಂದೈತಿ ನೋಡ್ರಿ."

ಆದರೂ ಅನುಮಾನ ಬಂದು ಒಂದು ಪುಟವನ್ನು ಇಂಗ್ಲಿಷಿನಲ್ಲಿ ಬರೆದು ನೋಡಿದೆ. ಅದೂ ಕಾಣಲಿಲ್ಲ. ಥೀಮು ಬದಲಿಸಿದೆ, ಮತ್ತೊಂದು ತಂದೆ, ಅದನ್ನೂ ತೆಗೆದೆ. ಊಟಕ್ಕೆ ಬಂದ ಅಣ್ಣ ಹಿಂದೆ ನಿಂತು ನೋಡಿ, "ಮೂರ್ ದಿನದಿಂದ ಬರೇ ಅಂಗೀನ ಬದಲಾಸಾಕತ್ತಿ. ಒಳಗ ಮನಷ್ಯಾ ಅದಾನೋ ಇಲ್ಲೋ?" ಎಂದ. ವೈನಿ ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದರು.

ಶುಕ್ರವಾರ ಮಧ್ಯಾಹ್ನ ಅವರು ಮೆಂತ್ಯೆ ಸೊಪ್ಪು ಬಿಡಿಸುತ್ತ ನನ್ನ ಪಕ್ಕ ಕೂತಿದ್ದರು. ಪರದೆಯ ಮೇಲೆ ಬೆರಳಿಟ್ಟು, "ಇದು ಏನಪಾ?" ಅಂದರು.

"ತಾರೀಖ್ರಿ. ಸೋಮಾರದ್ದು. ನೀವ ಹೇಳಿದ್ರೆಲ್ಲಾ."

"ಇವತ್ತ ಶುಕ್ರಾರ. ಮತ್ತ ಅದು ಹೆಂಗ್ ತೋರಸಬೇಕು? ಲಗ್ನಪತ್ರ ಮುಟ್ಟಿದ ಕೂಡ್ಲೇ ಮಂದಿ ಊಟಕ್ಕ ಬಂದು ಕುಂಡ್ರತಾರೇನ?"

ಒಂದು ಪುಟಕ್ಕೆ ಹಿಂದಿನ ವಾರದ ತಾರೀಖು ಹಾಕಿ ನೋಡಿದೆ. ಪುಟ ಥಟ್ಟನೆ ಬಂತು. ಮುಂದಿನ ತಾರೀಖಿನ ಪುಟಗಳನ್ನು ಪ್ರೋಗ್ರಾಮು ಆ ದಿನದವರೆಗೆ ಬಚ್ಚಿಡುತ್ತದಂತೆ. ಎಲ್ಲಕ್ಕೂ ಹಳೆಯ ತಾರೀಖೇ ಹಾಕಿಬಿಡಲೇ ಎಂದರೆ ವೈನಿ ಒಪ್ಪಲಿಲ್ಲ. ಅಮಾವಾಸ್ಯೆ ಕಳೆಯುವ ಮುಂಚೆ ಅದು ಹೊರಗೆ ಬರುವುದೇ ಬೇಡ ಅಂದರು. ಮತ್ತೆ ಸೋಮವಾರದ ತಾರೀಖು ಹಾಕಿ, ಎರಡು ದಿನ ನಿಶ್ಚಿಂತೆಯಿಂದಿದ್ದೆ.

ಸೋಮವಾರ ಎಂಟು ಮಂದಿ ಹೆಂಗಸರು ಪಡಸಾಲೆಯಲ್ಲಿ ಚಹಾ ಕುಡಿಯುತ್ತ ಮೊಬೈಲು ಹಿಡಿದು ಕೂತರು. ಅಣ್ಣ ಅಂಗಡಿಗೆ ಹೋಗದೆ ಬಾಗಿಲಿಗೆ ಒರಗಿ ನಿಂತ. ಹತ್ತು ದಾಟಿದ ಮೇಲೆ ತಾಣ ಕಟ್ಟಿಸಿದೆ. ಮತ್ತೆ ಖಾಲಿ. ತಾರೀಖಿನ ಗಂಟು ಬಿಡಿಸಿಯಾಗಿದೆ ಎಂದು ನಂಬಿದ್ದ ನನಗೆ ಥೀಮಿನ ಮೇಲೆಯೇ ಸಂಶಯ ತಿರುಗಿತು. ಅದನ್ನು ತೆಗೆದೆ, ಹಾಕಿದೆ, ತೆಗೆದೆ.

"ಅಕ್ಕಾರ, ಇಲ್ಲಿ ಏನೂ ಬರವಲ್ದಲ್ರೀ," ಎಂದಳು ಒಬ್ಬಾಕೆ.

ವೈನಿ ನನ್ನ ಮುಖ ನೋಡಿದರು. ಒಳಗೆ ಹೋಗಿ ನೋಟ್‌ಬುಕ್ಕು ತಂದು ಹೆಂಗಸರ ನಡುವೆ ಕೂತು, "ಬರೂತನಾ ನಾನ ಓದತೇನಿ, ಕೇಳ್ರಿ," ಎಂದು ಶುರು ಮಾಡಿದರು. ಓದುವುದು ಸ್ವಲ್ಪ, ಹೇಳುವುದು ಬಹಳ. ಹೆಂಗಸರು ನಡುನಡುವೆ ಕೇಳಿದರು, ನಕ್ಕರು, ಪೆಟ್ಟಿಗೆಯನ್ನು ಕೈಗೆ ತಗೊಂಡು ಬಿಚ್ಚಿ ನೋಡಿದರು. ಅಣ್ಣ ಬಾಗಿಲು ಬಿಟ್ಟು ಒಳಗೆ ಬಂದು ಕೂತದ್ದನ್ನು ನಾನು ಗಮನಿಸಲಿಲ್ಲ. ಚಹಾ ಕೊಡುತ್ತಿದ್ದ ನನ್ನ ಹೆಂಡತಿ ಆಮೇಲೆ ಹೇಳಿದಳು.

ಅವರು ಬಸ್ಸು ಹತ್ತಿ ಹೋದ ಮೇಲೂ ನಾನು ಬಿಡದೆ ಕಟ್ಟಿಸುತ್ತಲೇ ಇದ್ದೆ. ಮೂರೂವರೆಗೆ ಪುಟಗಳೆಲ್ಲ ಒಮ್ಮೆಲೇ ಬಂದು ನಿಂತವು. ಯಾವ ದೇಶದ ಗಡಿಯಾರವೆಂದು ನಾನು ಬರೆದಿರಲಿಲ್ಲವಾದ್ದರಿಂದ ಅದು ಇಂಗ್ಲೆಂಡಿನ ಹತ್ತು ಗಂಟೆಗೆ, ಅಂದರೆ ನಮ್ಮ ಮೂರೂವರೆಗೆ, ಕಾದಿತ್ತು ಎಂದು ಪರಿಚಯದವರೊಬ್ಬರು ನಂತರ ವಿವರಿಸಿದರು. ಅವರು ಹೇಳುವಾಗ ತಿಳಿದಂತಿತ್ತು.

ಮರುದಿನ ಸುರೇಬಾನದಿಂದ ಫೋನು ಬಂತು. ವೈನಿ ಎಲ್ಲರಿಗೂ ಕೇಳುವಂತೆ ಸ್ಪೀಕರು ಹಾಕಿದರು.

"ಅಕ್ಕಾರ, ಎಲ್ಲಾ ಓದಿದ್ವಿರಿ. ಕರಿ ಮಣ್ಣಿನ ಎರಿ ಹೊಲ ಬಿರಿತಿರತೈತಿ, ಬಿರುಕಿನ ಬಾಜೂಕ ಪೆಟಗಿ ಹುಗದ್ರ ಸುಳ್ಳ ಹೇಳತೈತಿ ಅಂತ ನಿನ್ನೆ ಹೇಳಿದ್ರೆಲ್ಲಾ, ಅದು ಇದರಾಗ ಇಲ್ಲಲ್ರೀ?"

ವೈನಿ ನೋಟ್‌ಬುಕ್ಕು ತಿರುವಿ ನೋಡಿದರು. ಇರಲಿಲ್ಲ.

"ಬರಸ್ತೇನ್ರಿ," ಎಂದು ಫೋನಿಟ್ಟರು. ಅಣ್ಣ ಎದ್ದು ತನ್ನ ಕುರ್ಚಿಯನ್ನು ನನ್ನ ಮೇಜಿನ ಹತ್ತಿರ ಸರಿಸಿ, ವೈನಿಗೆ "ಕುಂದರ, ಹೇಳು," ಎಂದ.