ಮಂಚದ ಕೆಳಗಿನ ವಿಮಾನ ನಿಲ್ದಾಣ

ನಮ್ಮ ಮಾವನವರ ಬಲಗೈ ಹೆಬ್ಬೆರಳಿಗೆ ಸದಾ ಒಣಗಿದ ಅಂಟಿನ ಪೊರೆ ಇರುತ್ತಿತ್ತು. ಊಟಕ್ಕೆ ಕೂತವರು ರೊಟ್ಟಿ ಮುರಿಯುವ ಮೊದಲು ಅದನ್ನು ಮೆಲ್ಲಗೆ ಸುಲಿದು ಗಂಗಾಳದ ಪಕ್ಕಕ್ಕಿಡುವರು. ಅತ್ತೆ ಮುಖ ಸಿಂಡರಿಸುವರು. ವಿಜಾಪುರದ ಕಡೆಯಿಂದ ಮುಂಬಯಿ ಹತ್ತಿರದ ಠಾಕುರ್ಲಿಯ ಚಾಳಿಗೆ ಸೊಸೆಯಾಗಿ ಬಂದ ಹೊಸದರಲ್ಲಿ ನಾನದನ್ನು ಯಾವುದೋ ಚರ್ಮರೋಗವೆಂದೇ ತಿಳಿದಿದ್ದೆ.

ಅವರು ಶಹಾಡಿನ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಭಾನುವಾರ ಬಂತೆಂದರೆ ನಮ್ಮ ಒಂದೇ ಕೋಣೆಯ ಮಂಚದ ಕೆಳಗಿನಿಂದ ದೊಡ್ಡದೊಂದು ಪ್ಲೈವುಡ್ ಹಲಗೆ ಹೊರಗೆ ಬರುತ್ತಿತ್ತು. ಅದರ ಮೇಲೆ ವಿಮಾನ ನಿಲ್ದಾಣ. ಮುಂಬಯಿಯ ಫುಟ್‌ಪಾತುಗಳಲ್ಲಿ ಹುಡುಕಿ ತಂದ ಬಿಡಿಭಾಗಗಳನ್ನು ಅಂಟಿಸಿ ಮಾಡಿದ ಮೊಳದುದ್ದದ ವಿಮಾನಗಳು. ಅವು ನಿಲ್ಲುವ ನೆಲಕ್ಕೆ ಪಾಲಿಶ್ ಪೇಪರು, ಹುಲ್ಲಿಗೆ ಹಸಿರು ಬಣ್ಣದಲ್ಲಿ ನೆನೆಸಿ ಒಣಗಿಸಿದ ಕಟ್ಟಿಗೆ ಹೊಟ್ಟು, ದೀಪದ ಕಂಬಕ್ಕೆ ಖಾಲಿ ರಿಫಿಲ್ಲು. ಕಟ್ಟಡದ ಗಾಜೆಲ್ಲ ತೊಳೆದ ಎಕ್ಸ್‌ರೇ ಫಿಲ್ಮು, ಅತ್ತೆಯ ಮೊಣಕಾಲಿನದು. ಲೋಕಲ್ ಟ್ರೇನು ಹಾದಾಗಲೆಲ್ಲ ವಿಮಾನಗಳು ಸಣ್ಣಗೆ ನಡುಗುತ್ತಿದ್ದವು.

“ರನ್‌ವೇ ಎಲ್ಲೈತ್ರಿ ಮಾವಾರ?” ಎಂದು ಒಮ್ಮೆ ಕೇಳಿದ್ದೆ.

“ಈ ವಿಮಾನದ ಅಳತಿಗೆ ರನ್‌ವೇ ಹಾಕಬೇಕಂದ್ರ ಚಾಳಿನಾಗ ಎಲ್ಲಾರ ಮನಿ ಗ್ವಾಡಿ ಒಡೀಬೇಕಾಗತೈತಿ, ಯವ್ವಾ. ಅಳತಿ ಕೆಡಿಸಿ ಸುಳ್ಳ ಹಾಕಾಕ ನನಗ ಮನಸ್ಸಿಲ್ಲ.”

ಆ ಹೊತ್ತಿಗೆ ನನ್ನ ಗಂಡ ಮಸ್ಕತ್ತಿಗೆ ಹೋಗಿ ಎರಡು ವರ್ಷವಾಗಿತ್ತು. ಎಂಬತ್ತರ ದಶಕದ ಮೊದಲ ವರ್ಷಗಳವು. ಕೊನೆಗೊಮ್ಮೆ ನನಗೂ ಮಗಳಿಗೂ ವೀಸಾ ಬಂತು. ಕರೆದೊಯ್ಯಲು ಅವರಿಗೆ ರಜೆಯಿಲ್ಲ, ನಾನೇ ಹೋಗಬೇಕು. ನನಗೆ ಹಿಂದಿ ಅರ್ಧಂಬರ್ಧ, ಇಂಗ್ಲಿಷು ಇಲ್ಲವೇ ಇಲ್ಲ. ಪಕ್ಕದ ಡೊಂಬಿವಲಿಯ ಬಜಾರಿಗೂ ಅತ್ತೆಯನ್ನು ಬಿಟ್ಟು ಹೋದವಳಲ್ಲ. “ನಾ ಒಲ್ಲೆ, ಅಲ್ಲೆ ಎಲ್ಲೆರ ಕಳದ ಹೋದ್ರ?” ಎಂದು ಅತ್ತುಬಿಟ್ಟೆ. ಅತ್ತೆ ಬೈದರು.

ಮರುದಿನ ನೋಡಿದರೆ ಮಾವನವರು ತಾವೇ ಕಷ್ಟಪಟ್ಟು ಕೂರಿಸಿದ್ದ ಕಟ್ಟಡದ ಚಾವಣಿಯನ್ನು ಕಿತ್ತು ಪಕ್ಕಕ್ಕಿಟ್ಟಿದ್ದರು. ಒಳಗೆ ಬರಿಯ ಪೊಳ್ಳು. ಅಷ್ಟು ವರ್ಷ ಅವರಿಗೆ ವಿಮಾನಗಳದೇ ಧ್ಯಾನ. ಒಳಗೆ ಜನ ಹೇಗೆ ಓಡಾಡುತ್ತಾರೆಂದು ಯೋಚಿಸಿದವರೇ ಅಲ್ಲ. ಈಗ ರಜೆಯ ದಿನವೆಲ್ಲ ಮುಂಬಯಿಯ ನಿಜವಾದ ವಿಮಾನ ನಿಲ್ದಾಣಕ್ಕೆ ಹೋಗಿ ಬಾಗಿಲಿನವರೆಗೆ ನೋಡಿ ಬರತೊಡಗಿದರು. ಬಾಗಿಲಿನಾಚೆಗೆ ಬಿಡುತ್ತಿರಲಿಲ್ಲವಲ್ಲ, ಅದಕ್ಕೆ ವಿಮಾನ ಹತ್ತಿದವರನ್ನೆಲ್ಲ ಹುಡುಕಿಕೊಂಡು ಹೋದರು. ಸ್ಟೇಷನ್ ಹತ್ತಿರದ ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂರುವ ಶೆಟ್ಟರ ಅಳಿಯ ದುಬೈಯಿಂದ ಬಂದಿದ್ದ. ಅವನ ಬೆನ್ನು ಬಿದ್ದು, ಮೆಟ್ಟಿಲು ಎಡಕ್ಕೋ ಬಲಕ್ಕೋ, ಕೌಂಟರಿನ ಎತ್ತರ ಎಷ್ಟು ಎಂದೆಲ್ಲ ಕೇಳಿದರಂತೆ. ಶೆಟ್ಟರು, “ಎಂತ ಮಾರಾಯ್ರೆ, ಏರ್‌ಪೋರ್ಟಿಗೆ ಕನ್ನ ಹಾಕ್ಲಿಕ್ಕೆ ಹೊರಟಿದ್ದೀರಾ?” ಎಂದು ನಕ್ಕರಂತೆ.

ಕಟ್ಟಡದ ಒಳಗು ಹೀಗೆ ತುಂಬುತ್ತ ಹೋಯಿತು. ಬೆಂಕಿಪೆಟ್ಟಿಗೆಯ ಕೌಂಟರುಗಳು, ಸಾಮಾನು ತೂಗುವ ತಕ್ಕಡಿ, ಗಾಜಿನ ಗೂಡುಗಳಲ್ಲಿ ಆಫೀಸರರು. ಕೊನೆಗೆ ನನ್ನ ಹಳೆಯ ಹಸಿರು ಸೀರೆಯ ಚೂರು ಸುತ್ತಿದ ಎರಡು ಕಡ್ಡಿಗಳನ್ನು ಬಾಗಿಲಲ್ಲಿ ನಿಲ್ಲಿಸಿದರು. ಒಂದು ದೊಡ್ಡದು, ಒಂದು ಸಣ್ಣದು.

“ಇದು ನೀ, ಇದು ಕೂಸು. ನಡಸ.”

ನಾನು ಕಡ್ಡಿಗಳನ್ನು ಸರಿಸಿಕೊಂಡು ಗಾಜಿನ ಗೂಡಿನ ಮುಂದೆ ಬಂದೆ. ಮಾವನವರು ಒಮ್ಮೆಲೇ ದನಿ ಏರಿಸಿ, “ಪಾಸ್‌ಪೋರ್ಟ್! ಕಹಾಂ ಜಾನಾ ಹೈ?” ಎಂದರು. ನನಗೆ ನಗು ತಡೆಯಲಾಗಲಿಲ್ಲ.

“ಆಫೀಸರ್ ಮುಂದ ನಗ್ತಾರೇನು? ಹಿಂದಕ್ಕ ಹೋಗು. ಮತ್ತ ಬಾ.”

ಕೆಲವು ದಿನದಲ್ಲಿ ಅತ್ತೆಯೂ ಈ ಆಟಕ್ಕೆ ಸೇರಿಕೊಂಡರು. ಒಂದು ಕಡ್ಡಿ ಹಿಡಿದು, “ಅತ್ತ ಸರಿ, ನನಗ ಅವಸರೈತಿ” ಎಂದು ನನ್ನನ್ನು ತಳ್ಳಿ ಮುಂದೆ ನುಗ್ಗುವರು. ನಾನು ಸುಮ್ಮನೆ ಜಾಗ ಬಿಟ್ಟರೆ ಮಾವನವರಿಗೆ ಸಿಟ್ಟು. “ಬಿಡಬ್ಯಾಡ! ಲೈನ್ ಹೈ ಅನ್ನು, ಜೋರಾಗಿ ಅನ್ನು!” ನಾನು ಅತ್ತೆಗೆ ಎದುರಾಡಿದ್ದು ಅದೇ ಮೊದಲು.

ಆದರೆ ಪಾಸ್‌ಪೋರ್ಟಿನ ಗೂಡಿನಾಚೆಗೆ ಅಂಗೈಯಗಲದ ಒಂದು ಜಾಗವನ್ನು ಅವರು ಖಾಲಿ ಬಿಟ್ಟಿದ್ದರು, ಬಣ್ಣವನ್ನೂ ಹಚ್ಚದೆ. ಅಲ್ಲಿ ಏನಿದೆಯೆಂದು ಒಬ್ಬೊಬ್ಬರು ಒಂದೊಂದು ಹೇಳಿದ್ದರಂತೆ.

“ಇದು ನನಗ ಗೊತ್ತಿಲ್ಲ, ತಾಯಿ. ಗೊತ್ತಿಲ್ಲದ್ದ ಹ್ಯಾಂಗ ಮಾಡ್ಲಿ? ಇಲ್ಲಿಗೆ ಬಂದಾಗ ನಿಂತು ಯಾರನ್ನಾರ ಕೇಳು. ಕೇಳಾಕ ನಾಚಬ್ಯಾಡ.”

ಹೊರಡುವ ದಿನ ಅವರು ಬಾಗಿಲಿನವರೆಗೆ ಬಂದು ಮಗಳ ತಲೆ ಸವರಿ ಹಿಂದೆ ಸರಿದರು. ಒಳಗೆ ಎಲ್ಲವೂ ನಾನು ಕಂಡದ್ದೇ ಆಗಿತ್ತು. ಕೌಂಟರು, ತಕ್ಕಡಿ, ಗೂಡು. ಆಫೀಸರ್ ಪ್ರಶ್ನೆ ಕೇಳಿದಾಗ ನಗಲಿಲ್ಲ. ಗೂಡು ದಾಟಿ ನಾಲ್ಕು ಹೆಜ್ಜೆ ಹೋದೆ. ಅಲ್ಲಿಂದ ಮುಂದೆ ಏನೂ ತಿಳಿಯದು. ಮಗಳ ಕೈ ಬಿಗಿಯಾಗಿ ಹಿಡಿದು, ಎದುರಿಗೆ ಬಂದ ಪೊಲೀಸನನ್ನು ತಡೆದು, “ಭಾಯಿಸಾಬ್, ಮಸ್ಕತ್ ಕಾ ವಿಮಾನ ಕಿಧರ್?” ಎಂದೆ. ಅಪರಿಚಿತ ಗಂಡಸನ್ನು ನಾನಾಗಿಯೇ ಮಾತಾಡಿಸಿದ್ದು ಹುಟ್ಟಿದಾಗಿನಿಂದ ಅದೇ ಮೊದಲು. ಅವನು ನಗಲಿಲ್ಲ, ಗದರಲಿಲ್ಲ. ಕೈ ಮಾಡಿ ತೋರಿಸಿ ತನ್ನ ಪಾಡಿಗೆ ಹೋದ.

ಮುಂದೆ ಗಂಡನೊಂದಿಗೆ ರಜೆಗೆ ಬಂದಾಗ ಮಾವನವರು ನಮ್ಮ ಸೂಟ್‌ಕೇಸು ಇಳಿಸಿಕೊಳ್ಳುವ ಮೊದಲೇ ಕೇಳಿದರು: “ಆ ಖಾಲಿ ಜಾಗದಾಗ ಏನೈತಿ?”

“ಖುರ್ಚಿ ಅದಾವ್ರಿ ಮಾವಾರ, ಸಾಲಾಗಿ. ಮುಂದ ದೊಡ್ಡ ಗಾಜು. ವಿಮಾನ ಕಣ್ಣ ಮುಂದ ನಿಂತಿರತಾವ.”

“ಕೂತು ನೋಡಾಕ ಬರತೈತಿ?”

“ಹೂನ್ರಿ.”

ಅವರು ಖುರ್ಚಿಯ ಬಣ್ಣ ಯಾವುದೆಂದು ಕೇಳಿದರು. ನಾವು ವಾಪಸು ಹೊರಡುವಷ್ಟರಲ್ಲಿ ಆ ಜಾಗ ತುಂಬಿತ್ತು.

ಅದಾಗಿ ಎರಡು ವರ್ಷಕ್ಕೆ ಅವರು ಹೋದರೆಂದು ತಾರು ಬಂತು. ಡ್ಯೂಟಿಯಿಂದ ಬರುವಾಗ ಠಾಕುರ್ಲಿ ಪ್ಲಾಟ್‌ಫಾರ್ಮಿನಲ್ಲಿ ಎದೆ ಹಿಡಿದುಕೊಂಡು ಕುಸಿದರಂತೆ. ಗಂಡ ಆಗ ದೂರದ ಕ್ಯಾಂಪಿನಲ್ಲಿದ್ದರು, ಬರಲು ತಡವಾಗುತ್ತಿತ್ತು. ನಾನು ಕಾಯಲಿಲ್ಲ. ನಾನೇ ಟಿಕೆಟ್ಟು ಮಾಡಿಸಿದೆ, ಮಗಳನ್ನೂ ಆಮೇಲೆ ಹುಟ್ಟಿದ ಕೂಸನ್ನೂ ಕಟ್ಟಿಕೊಂಡು ಹೊರಟೆ. ಮಸ್ಕತ್ತಿನ ನಿಲ್ದಾಣವನ್ನು ನನಗಾಗಿ ಯಾರೂ ಹಲಗೆಯ ಮೇಲೆ ಕಟ್ಟಿ ತೋರಿಸಿರಲಿಲ್ಲ. ಅಳುತ್ತಲೇ ಒಬ್ಬೊಬ್ಬರನ್ನು ನಿಲ್ಲಿಸಿ ಕೇಳಿದೆ. ಕೇಳುತ್ತ ಕೇಳುತ್ತ ಮನೆ ಮುಟ್ಟಿದೆ.