ಗುರಣ್ಣನ ಮೈಮೇಲೆ ಬಂದದ್ದು

ರೇವವ್ವನ ಗಂಡ ಗುರಣ್ಣ ಇಪ್ಪತ್ತಾರರ ಕಂಬಳಿ ನೇಕಾರ. ಕೈ ಚುರುಕು, ಮಾತು ಕಡಿಮೆ. "ಇವನ ಬಾಯಾಗಿಂದ ಮಾತ ತಗಿಯೂದಂದ್ರ ಕಲ್ಲಾಗಿಂದ ನೀರ ತಗದಂಗ" ಎಂದು ಯಂಕಂಚಿ ದಾರಿಯ ಅವರ ಕುರುಬರ ಹಟ್ಟಿಯವರೆಲ್ಲ ಗೇಲಿ ಮಾಡುವವರೇ. ಅಂಥವನು 1998ರ ಬೇಸಿಗೆಯಲ್ಲಿ ಕಂಬಳಿಯನ್ನು ಅರ್ಧಕ್ಕೆ ಬಿಟ್ಟು, ಮಗ್ಗದ ಕುಣಿಯಲ್ಲಿ ಕೂತು ಯಾರಿಗೋ ಉತ್ತರ ಕೊಡತೊಡಗಿದ. ಎದುರಿಗೆ ನರಪಿಳ್ಳೆಯೂ ಇರಲಿಲ್ಲ.

"ಯಾರ ಜೋಡಿ ಮಾತಾಡಾಕತ್ತೀರಿ?" ಎಂದಳು ರೇವವ್ವ.

"ನಿನಗ ಕೇಳೂದಿಲ್ಲೇನ? ಹಗಲೆಲ್ಲ ಬೈಯಾಕತ್ತಾರ."

ಅವಳು ಓಡಿಹೋಗಿ ಪಕ್ಕದ ಮನೆಯ ಶೇವಂತೆವ್ವನನ್ನು ಕರೆತಂದಳು. ತಾಯಿ ಸತ್ತ ಗುರಣ್ಣನನ್ನು ಉಣಿಸಿ ಬೆಳೆಸಿದ ಮುದುಕಿ ಅವಳು. ಹಣೆ ಮುಟ್ಟಿ ನೋಡಿ, "ಇವಂಗ ಆರಾಮಿಲ್ಲ. ಡಾಕ್ಟರ ಕಡೆ ಕರಕೊಂಡ ಹೋಗ," ಎಂದಳು.

ಯಾರು ಕೇಳಬೇಕು? ಅಷ್ಟರಲ್ಲಿ ಹಟ್ಟಿಯ ಹಿರಿಯ ಸಂಗಣ್ಣ ಬಂದು, "ಡಾಕ್ಟರ ಯಾಕ? ಮಾಳಿಂಗರಾಯ ಬಂದಾನ ಮೈಮ್ಯಾಲ!" ಎಂದು ಹಣೆಗೆ ಭಂಡಾರದ ಅರಿಶಿನ ಬಳಿದೇಬಿಟ್ಟ. ದೇವರು ಮೈಮೇಲೆ ಬಂದು ಹೇಳಿಕೆ ಹೇಳುವುದು ಆ ಹಟ್ಟಿಗೆ ಹೊಸದಲ್ಲ. ಆದರೆ ಬಂದ ದೇವರು ಹೇಳುವುದನ್ನು ಹೇಳಿ ಹೋಗುತ್ತಾನೆ. ಪೂಜಾರಿ ಎದ್ದು ನೀರು ಕುಡಿದು ಕುರಿ ಹಿಂದೆ ನಡೆಯುತ್ತಾನೆ. ಇವನು ಮಲಗಲಿಲ್ಲ, ಮೀಯಲಿಲ್ಲ, ಕೊಟ್ಟ ರೊಟ್ಟಿ ಮೂಸಿ ಬಿಸಾಡಿದ. ಆ ವ್ಯತ್ಯಾಸ ಒಬ್ಬರಿಗಾದರೂ ಕಾಣಬೇಡವೇ! ಜನ ಮರುಳೋ ಜಾತ್ರೆ ಮರುಳೋ. ಮಳೆ ಯಾವಾಗ, ಮಗಳ ಮದುವೆ ಯಾವಾಗ ಎಂದು ಕೈಮುಗಿದು ಕೇಳಿದರು. ಅವನು "ಉಳಸ್ರಿ" ಎಂದು ಕಿರುಚಿದರೆ, ದೇವರು ಹರಕೆ ಕೇಳುತ್ತಿದ್ದಾನೆಂದು ಇನ್ನೊಂದು ಕಾಯಿ ಒಡೆದರು.

ರೇವವ್ವನೂ ಹಿಗ್ಗಿದಳು, ಸುಳ್ಳೇಕೆ ಹೇಳಲಿ? ನಿನ್ನೆ ಮೊನ್ನೆ "ಏ ರೇವಿ" ಎನ್ನುತ್ತಿದ್ದವರು ಈಗ "ಬರ್ರಿ ತಾಯಿ" ಎನ್ನುತ್ತಿದ್ದರು. ಹುಚ್ಚನ ಹೆಂಡತಿ ಅನ್ನಿಸಿಕೊಳ್ಳುವುದಕ್ಕಿಂತ ಇದು ಎಷ್ಟೋ ವಾಸಿ ಅನ್ನಿಸಿತು ಅವಳಿಗೆ.

ಎರಡು ತಿಂಗಳ ಮೇಲೆ ಒಂದು ಅಮಾವಾಸ್ಯೆಯ ಮುಂಜಾನೆ ಅಂಗಳದ ತುಂಬ ಜನ. ಶೇವಂತೆವ್ವ ಎಂದಿನಂತೆ ಚರಿಗೆಯಲ್ಲಿ ಮಜ್ಜಿಗೆ ತಂದಳು. ಗುರಣ್ಣ ಚೀರಿದ:

"ಇಕಿನೇ! ಮದ್ದ ಹಾಕ್ಯಾಳ! ನನ್ನ ಕೊಲ್ಲಾಕ ಬಂದಾಳ!"

ಮುದುಕಿಯ ಚರಿಗೆ ಕೈಜಾರಿತು. ಊಟದಲ್ಲಿ ಮದ್ದು ಹಾಕುವವರ ಕಥೆ ಕೇಳಿಯೇ ಬೆಳೆದ ಜನ, ಹೇಳಿದವನು ಸಾಕ್ಷಾತ್ ದೇವರು, ಇನ್ನೇನು ಬೇಕು? ಸಂಗಣ್ಣ ಅವಳ ರಟ್ಟೆ ಹಿಡಿದು, "ದೇವರ ಸುಳ್ಳ ಹೇಳ್ತಾನೇನ? ತಲಿ ಬೋಳಸಿ ಊರ ಹೊರಗ ಹಾಕ್ರಿ!" ಎಂದ. ಯಾರೋ ಕಲ್ಲೆತ್ತಿಕೊಂಡರು.

ಅದನ್ನು ರೇವವ್ವ ಕಂಡಳು. ಸುಮ್ಮನಿದ್ದರೆ ಮುದುಕಿ ಉಳಿಯುವುದಿಲ್ಲ. ಬಾಯಿಬಿಟ್ಟರೆ ಗಂಡ ಸಾಯುವತನಕ ಹುಚ್ಚ. ಅವಳು ನುಗ್ಗಿಹೋಗಿ ಶೇವಂತೆವ್ವನನ್ನು ತಬ್ಬಿಕೊಂಡಳು.

"ಮುಟ್ಟಬ್ಯಾಡ್ರಿ! ಇದು ದೇವರಲ್ಲ. ನನ್ನ ಗಂಡಗ ತಲಿ ಕೆಟ್ಟೈತಿ. ಹುಚ್ಚ ಹಿಡದೈತಿ! ಸಾಕೇನ್ರಿ?"

ಎತ್ತಿದ ಕಲ್ಲು ಕೆಳಗಿಳಿಯಿತು. ಅದೇ ದಿನ ಗುರಣ್ಣನನ್ನು ಕರೆದುಕೊಂಡು, ಬಾಡಿಗೆ ಓಡಿಸುವ ಮೈಬೂಬನ ಟಂಟಂ ಆಟೊದಲ್ಲಿ ದೇವರ ಹಿಪ್ಪರಗಿ, ಅಲ್ಲಿಂದ ಬಸ್ಸಿನಲ್ಲಿ ವಿಜಾಪುರದ ದವಾಖಾನೆ. ಜೊತೆಗೆ ಬಂದವಳು ಯಾರೆಂದುಕೊಂಡಿರಿ? ಶೇವಂತೆವ್ವನೇ! ತನ್ನನ್ನು ಕಂಡು ಗುರಣ್ಣ ನಡುಗುತ್ತಾನೆಂದು ಮುಖಕ್ಕೆ ಸೆರಗು ಮುಚ್ಚಿಕೊಂಡು ಕೊನೆಯ ಸೀಟಿನಲ್ಲಿ ಕೂತಿದ್ದಳು.

ಡಾಕ್ಟರು ಎಲ್ಲ ಕೇಳಿದರು. "ಇದಕ್ಕ ಸ್ಕಿಜೋಫ್ರೆನಿಫಾರ್ಮ್ ಅಂತಾರ. ಸ್ಕಿಜೋಫ್ರೇನಿಯಾದಂಗೇ ಕಾಣ್ತೈತಿ, ಆದ್ರ ಆರು ತಿಂಗಳದಾಗ ಪೂರಾ ಆರಾಮ ಆಗಬಹುದು. ಆಗಲಿಲ್ಲಂದ್ರ ಆಮ್ಯಾಲ ಬ್ಯಾರೆ ವಿಚಾರ ಮಾಡೂಣು. ಗುಳಿಗಿ ತಪ್ಪಸಬ್ಯಾಡ್ರಿ," ಎಂದರು.

ಸಜ್ಜೆ ಕೊಯ್ಲಿನ ಹೊತ್ತಿಗೆ ಬೈಯುವ ದನಿಗಳು ನಿಂತವು. ಒಂದು ಮುಂಜಾನೆ ಮಗ್ಗದ ಸದ್ದು ಕೇಳಿ ರೇವವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು ಓಡಿದಳು. ಅರ್ಧಕ್ಕೆ ನಿಂತಿದ್ದ ಕಂಬಳಿಯನ್ನು ಗುರಣ್ಣ ನೇಯುತ್ತಿದ್ದ. ಪಕ್ಕದಲ್ಲಿ ಶೇವಂತೆವ್ವ ತಂದಿದ್ದ ಮಜ್ಜಿಗೆಯ ಚರಿಗೆ ಬರಿದಾಗಿತ್ತು.

ಅವನು ತಲೆ ಎತ್ತಿದ. ಅವನಿಗೆ ಎಲ್ಲವೂ ನೆನಪಿತ್ತು.

"ರೇವಾ, ನಾ ಆಗ ಅಂಜಿ ಒದರತಿದ್ದೆ. ನನ್ನ ಕೊಲ್ತಾರ, ಉಳಸ್ರಿ ಅಂತ ಒದರತಿದ್ದೆ. ನೀವೆಲ್ಲಾ ಯಾಕ ಕೈ ಮುಗದ ಕುಂತ್ರಿ?"